ಹದಿಮೂರು ಚೀಟಿ

ಹೊಳೆದಂಡೆಯ ಒಂದು ಆಶ್ರಮದಲ್ಲಿ ಜೀವರತ್ನ ಅಯ್ಯನವರು ಎಂಬ ವಯಸ್ಸಾದ ಪಾದ್ರಿ ಇದ್ದರು. ಅವರ ಶಿಷ್ಯ ಎಲೀಶಪ್ಪ.

ಎಲೀಶಪ್ಪನ ನಾಲ್ಕು ವರ್ಷದ ಮಗಳಿಗೆ ಹೃದಯದಲ್ಲಿ ತೂತು. ಆಚೆ ದಡದ ಆಸ್ಪತ್ರೆಯವರು, ಇವತ್ತು ಸಂಜೆಯೊಳಗೆ ತಂದು ಸೇರಿಸಿ, ನಾಳೆ ಆಪರೇಷನ್, ಇನ್ನು ತಡ ಮಾಡಿದರೆ ಕಷ್ಟ ಎಂದಿದ್ದರು.

ಎಲೀಶಪ್ಪ ಬೆಳಿಗ್ಗೆಯಿಂದ ಪ್ರಾರ್ಥನೆಯ ಕೋಣೆ ಬಿಟ್ಟು ಎದ್ದಿರಲಿಲ್ಲ. ಮುಂದೆ ವಾಗ್ದಾನದ ಪೆಟ್ಟಿಗೆ. ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಸಭೆಯವರು ಅದರಿಂದ ಒಬ್ಬೊಬ್ಬರಾಗಿ ಒಂದು ಚೀಟಿ ಎತ್ತುತ್ತಾರೆ. ಅದರಲ್ಲಿರುವ ವಚನವೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ವರ್ಷಕ್ಕೆ ಒಂದೇ ಚೀಟಿ.

ಇವನು ಒಂದೇ ದಿನಕ್ಕೆ ಹದಿಮೂರು ಎತ್ತಿದ್ದ.

ಅಯ್ಯನವರು ಮೂರನೆಯ ಸಲ ಬಂದು ಬಾಗಿಲಲ್ಲಿ ನಿಂತು, ಇನ್ನೂ ಆಗಲಿಲ್ಲವೇನಪ್ಪ ಎಂದರು.

ಮೊದಲನೆಯದರಲ್ಲಿ ಹೆದರಬೇಡ ಅಂತ ಬಂತು, ಆದರೆ ಅದು ಎಲ್ಲರಿಗೂ ಬರುವಂಥದ್ದು ಎಂದ ಎಲೀಶಪ್ಪ. ಎರಡನೆಯದರಲ್ಲಿ ಬರೀ ಕುರಿ, ಕುರುಬ. ಐದನೆಯದು ಚೆನ್ನಾಗಿತ್ತಂತೆ, ಆರನೆಯದು ಬಂದು ಅದನ್ನು ಕೆಡಿಸಿತಂತೆ.

"ಆಸ್ಪತ್ರೆ ಹೆಸರು ಬರೆದ ಚೀಟಿ ಬೇಕೇನೋ? ವಾರ್ಡ್ ನಂಬರೂ ಇರಲಾ?"

ಇನ್ನೊಂದೇ ಒಂದು ಎನ್ನುತ್ತ ಅವನು ಮತ್ತೆ ಕೈ ಹಾಕಿದ.

ಅಯ್ಯನವರು ಪೆಟ್ಟಿಗೆ ಕಿತ್ತುಕೊಂಡು, ಇದ್ದಬದ್ದ ಚೀಟಿಗಳನ್ನೆಲ್ಲ ಅವನ ತಲೆಯ ಮೇಲೆ ಸುರಿದರು.

ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ ಮಗು ನಕ್ಕಿತು. ಅಷ್ಟಕ್ಕೇ ಏದುಸಿರು ಬಂತು. ತುಟಿ ನೀಲಿಗಟ್ಟಿತು.

ಎಲೀಶಪ್ಪ ಅಳತೊಡಗಿದ. "ನಂಬಿಕೆ ಇಲ್ಲ ಅಂತಲ್ಲ, ಅಯ್ಯನವರೇ. ನನ್ನ ಕೈಯಾರೆ ಒಯ್ದು ಕತ್ತಿಯ ಕೆಳಗೆ ಮಲಗಿಸಬೇಕಲ್ಲ. ಅಬ್ರಹಾಮನಿಗಾದರೆ, ಮಗನನ್ನು ಬೆಟ್ಟಕ್ಕೆ ಒಯ್ದು ಬಲಿ ಕೊಡು ಅಂತ ದೇವರು ಬಾಯಿ ಬಿಟ್ಟು ಹೇಳಿದ. ನನಗೆ ಏನು ಹೇಳಿದ?"

ಅಯ್ಯನವರು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆ ಹೊರಟೇಬಿಟ್ಟರು. ಎಂಬತ್ತು ದಾಟಿದ ಕಾಲು. ಎರಡು ಕಡೆ ಎಡವಿದರು.

ಎಲೀಶಪ್ಪ ಹಿಂದೆಯೇ ಓಡಿಬಂದು ಮಗುವನ್ನು ಇಸಿದುಕೊಂಡ. ದಡದಲ್ಲಿ ಅಂಬಿಗ ಹಗ್ಗ ಬಿಚ್ಚುತ್ತಿದ್ದ. ಎಲೀಶಪ್ಪನ ಕಾಲು ಮತ್ತೆ ನಿಂತಿತು.

"ದೇವರು ಹೀಗೇ ಸುಮ್ಮನಿದ್ದುಬಿಟ್ಟರೆ?"

ಅಯ್ಯನವರು ಅವನ ಬೆನ್ನಿಗೆ ಕೈಯಿಟ್ಟು ದೂಡಿದರು.

"ಅಬ್ರಹಾಮನಿಗೆ ಹೇಳಿದ್ದು ಒಂದು ಸಲ ಕಣೋ. ಆಮೇಲೆ ಬೆಟ್ಟಕ್ಕೆ ಮೂರು ದಿನದ ದಾರಿ. ಆ ದಾರಿಯುದ್ದಕ್ಕೂ ದೇವರು ಒಂದು ಮಾತಾದರೂ ಆಡಿದ್ದು ಎಲ್ಲಾದರೂ ಬರೆದಿದೆಯಾ? ನಡಿ, ದೋಣಿ ಹತ್ತು."