ನಡುಗಿದರೆ ಗಿಲಿಗುಟ್ಟುವ ಬೊಂಬೆ

ಕಾಲು ಮಡಚಿ ಕೂತ್ಕೊಳ್ಳಿ ಮಕ್ಕಳೇ, ಗಲಾಟೆ ಬಿಟ್ಟು ಇತ್ತ ಕಿವಿ ಕೊಡಿ.

ಒಂದು ಕಾಡಿನಲ್ಲಿ ಚೆಲುವಿ ಅನ್ನೋ ತಾಯಿ ಮೊಲ ಇತ್ತು. ಅದಕ್ಕೆ ಚಿಗುರ ಅಂತ ಒಂದೇ ಮರಿ. ಮೇಯಲು ಹೊರಟಾಗಲೆಲ್ಲ ಚೆಲುವಿ ಮರಿಯನ್ನು ಪೊದೆಯೊಳಗೆ ಅಡಗಿಸಿ, "ಯಾರು ಬಂದರೂ ಉಸಿರೆತ್ತಬೇಡ ಮಗಾ" ಅನ್ನುತ್ತಿತ್ತು. ಹುಲ್ಲು ಬಾಯಲ್ಲಿದ್ದರೂ ಜೀವವೆಲ್ಲ ಪೊದೆಯಲ್ಲೇ.

ಆ ಪೊದೆಯನ್ನು ಹುಡುಕಿ ಹುಡುಕಿ ನರಿಯೊಂದು ಸೋತಿತ್ತು. ಒಂದು ದಿನ ಅದು ಚೆಲುವಿಗೆ ಎದುರಾಯಿತು. ಬಾಯಲ್ಲೊಂದು ಬೊಂಬೆ. ಒಣ ಸೋರೆಬುರುಡೆಯೊಳಗೆ ಕಾಳು ತುಂಬಿ, ಮೇಲೆ ಬೂರುಗದ ಹತ್ತಿ ಸುತ್ತಿ, ಎರಡು ಉದ್ದ ಕಿವಿ ಅಂಟಿಸಿತ್ತು.

"ಓಡಬೇಡ ತಂಗಿ, ದೂರವೇ ನಿಂತಿದ್ದೀನಲ್ಲ. ಮರಿ ಒಂಟಿ ಅಂತ ನಿನಗೆ ಸಂಕಟ ತಾನೇ? ಇದನ್ನು ಜೊತೆಗೆ ಬಿಡು. ಮರಿ ಹೆದರಿ, ಅಪ್ಪಿಕೊಂಡು ನಡುಗಿದರೆ ಸಾಕು, ಗಿಲಿಗಿಲಿ ಅಂತ ಸಮಾಧಾನ ಮಾಡುತ್ತೆ."

"ಇದರಿಂದ ನಿನಗೇನು ಲಾಭ?"

"ಪುಣ್ಯ ಕಣಮ್ಮ. ನನ್ನ ಹತ್ತಿರ ಅದೊಂದೇ ಕಮ್ಮಿ."

ನರಿ ಬೊಂಬೆ ಇಟ್ಟು ಹೊರಟುಹೋಯಿತು. ಚೆಲುವಿಗೆ ಅನುಮಾನ. ಆದರೆ ಮರಿಯ ಸಪ್ಪೆ ಮುಖ ನೆನಪಾಯಿತು. ಹಿಂದೆ ತಿರುಗಿ ತಿರುಗಿ ನೋಡುತ್ತಾ, ಸುತ್ತು ದಾರಿಯಲ್ಲಿ ಬೊಂಬೆಯನ್ನು ಮರಿಗೆ ತಂದುಕೊಟ್ಟಿತು. ಚಿಗುರ ಆಡುವಾಗ ಬೊಂಬೆಯನ್ನು ಪಕ್ಕಕ್ಕೆಸೆಯುತ್ತಿತ್ತು, ಹೆದರಿದಾಗ ಮಾತ್ರ ಅವುಚಿಕೊಳ್ಳುತ್ತಿತ್ತು.

ಮಾರನೇ ದಿನ ಚೆಲುವಿ ಹಳ್ಳದ ದಡದಲ್ಲಿ ಮೇಯುತ್ತಿದ್ದಾಗ ಗುಡುಗು ಬಂತು. ಅದರ ಹಿಂದೆಯೇ ಪೊದೆಯ ಕಡೆಯಿಂದ ಗಿಲಿಗಿಲಿ, ಗಿಲಿಗಿಲಿ. ಬಾಯಲ್ಲಿದ್ದ ಹುಲ್ಲು ಕೆಳಗೆ ಬಿತ್ತು. ಇಷ್ಟು ದೂರ ನನಗೇ ಕೇಳಿಸಿದರೆ ನರಿಗೆ ಕೇಳಿಸದೇ ಇರುತ್ತಾ ಅಂದುಕೊಂಡಿತು. ತಿರುಗಿ ನೋಡಿದರೆ ಹಳ್ಳದಾಚೆ ನರಿ ಕಿವಿ ನಿಮಿರಿಸಿಕೊಂಡು ಸದ್ದಿನ ಕಡೆಗೇ ಹೊರಟಿತ್ತು.

ಚೆಲುವಿ ಒಳದಾರಿ ಹಿಡಿದು ಓಡಿತು.

"ಅಮ್ಮಾ, ಬೊಂಬೆ ನನ್ನ ಜೊತೆ ಮಾತಾಡ್ತು."

"ಅದು ಮಾತಾಡಿದ್ದು ನರಿ ಜೊತೆ ಮಗಾ. ಏಳು."

ಮರಿಯನ್ನೂ ಬೊಂಬೆಯನ್ನೂ ಎಳೆದುಕೊಂಡು ಪಕ್ಕದ ಮುಳ್ಳುಹಂದಿಯ ಬಿಲಕ್ಕೆ ನುಗ್ಗಿತು. "ಮಾವ, ನರಿ ಬರ್ತಿದೆ. ಬಾಗಿಲಲ್ಲಿ ಕೂತು ಇದನ್ನು ಅಲ್ಲಾಡಿಸ್ತೀಯಾ?"

"ಈ ವಯಸ್ಸಲ್ಲಿ ನನಗೆ ಗಿಲಕಿಯಾ?" ಅಂತ ಗೊಣಗಿದರೂ ಮುಳ್ಳುಹಂದಿ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಬೊಂಬೆ ಅಲ್ಲಾಡಿಸಿತು. ಚಿಗುರ ತಾಯಿಯ ಹೊಟ್ಟೆಗೆ ಮೂತಿ ಒತ್ತಿಕೊಂಡು ಉಸಿರು ಹಿಡಿಯಿತು.

"ಬಂದೆ ಕಂದಾ" ಅಂತ ನರಿ ಕತ್ತಲ ಬಿಲದೊಳಗೆ ಮೂತಿ ತೂರಿಸಿತು. ಮುಳ್ಳುಹಂದಿ ಒಂದೇ ಸಲ ಹಿಂದಕ್ಕೆ ಜರುಗಿತು.

ನರಿಯ ಮೂತಿಯಲ್ಲಿ ಮುರಿದ ಮುಳ್ಳು ಹಾಗೇ ಉಳಿಯಿತು. ಹೆಜ್ಜೆಹೆಜ್ಜೆಗೂ ನರಳುತ್ತಿದ್ದರಿಂದ ಅದು ಬರೋದು ಕಾಡಿಗೆಲ್ಲ ಮೊದಲೇ ಗೊತ್ತಾಗುತ್ತಿತ್ತು. ಬೊಂಬೆ ಮುಳ್ಳುಹಂದಿಯ ತಲೆದಿಂಬಾಯಿತು. ಚೆಲುವಿ ಹಳ್ಳದ ದಡದ ಹುಲ್ಲಿನ ಆಸೆ ಬಿಟ್ಟು ಪೊದೆಯ ಸುತ್ತಲೇ ಮೇಯತೊಡಗಿತು. ಚಿಗುರ ಹೆದರಿದಾಗ ತಾಯಿಯ ಹೊಟ್ಟೆಯಡಿ ಸೇರಿಕೊಳ್ಳುತ್ತಿತ್ತು. ಅಲ್ಲಿ ಎಷ್ಟು ನಡುಗಿದರೂ ಸದ್ದಾಗುತ್ತಿರಲಿಲ್ಲ.

ನೀತಿ: ನಮ್ಮ ಭಯಕ್ಕೆ ಓಗೊಡುವುದೆಲ್ಲ ನಮ್ಮದಲ್ಲ, ಅದನ್ನು ಮಾಡಿಕೊಟ್ಟವರು ಯಾರು, ಅದರ ಸದ್ದು ಯಾರ ಕಿವಿಗೆ ಹೋಗುತ್ತದೆ ಅಂತ ಮೊದಲು ನೋಡಬೇಕು.