ಒಂಬತ್ತನೇ ಮಹಡಿಗೆ ಹೊರಟ ಮಿರ್ಚಿ

ಹುಬ್ಬಳ್ಳಿಯ ಒಂದು ಅಪಾರ್ಟ್‌ಮೆಂಟಿನ ಲಿಫ್ಟಿಗೆ ಕಾರ್ಯದರ್ಶಿ ಹಂಚಿನಮನಿ ಸಾಹೇಬರು ಬೋರ್ಡು ಬರೆದು ಹಾಕಿದ್ದರು: 'ಲಿಫ್ಟ್ ನಿವಾಸಿಗಳಿಗೆ ಮಾತ್ರ. ಡೆಲಿವರಿಯವರು ಮೆಟ್ಟಿಲು ಹತ್ತಬೇಕು.'

ಒಂದು ಸಂಜೆ ಸಾಹೇಬರೇ ಎಂಟು ಮಿರ್ಚಿ ಭಜಿ ಆರ್ಡರ್ ಮಾಡಿದರು. ಸ್ಕೂಟರಿನಲ್ಲಿ ತಂದವಳು ಗಂಗವ್ವ. ಬೆಳಗಿನಿಂದ ಅದು ಅವಳಿಗೆ ಹದಿನೆಂಟನೇ ಮನೆ. ಕೆಳಗಿನಿಂದಲೇ ಫೋನ್ ಮಾಡಿದಳು.

"ಒಂಬತ್ತನೇ ಮಹಡಿಗೆ ನಡಕೊಂಡ ಬಾ. ಮಿರ್ಚಿ ಆರಿದ್ರ ಒಂದ ಸ್ಟಾರ್ ಕೊಡ್ತೀನಿ," ಎಂದರು ಸಾಹೇಬರು.

ಒಂದು ಸ್ಟಾರ್ ಬಿದ್ದರೆ ಕೆಲಸ ಹೋಗುತ್ತದೆ. ಮೆಟ್ಟಿಲು ಹತ್ತಿದರೆ ಮಿರ್ಚಿ ಆರುತ್ತದೆ. ಗಂಗವ್ವ ಎರಡಕ್ಕೂ ಒಪ್ಪುವವಳಲ್ಲ.

"ಸರ, ನನಗ ಲಿಫ್ಟ್ ಇಲ್ಲ, ಖರೆ. ಮಿರ್ಚಿಗೆ ಐತೇನ್ರಿ?"

"ಮಿರ್ಚಿಗೇನವಾ, ಕಳಸು!"

ಪೊಟ್ಟಣವನ್ನು ಲಿಫ್ಟಿನೊಳಗಿಟ್ಟು, ಒಂಬತ್ತು ಒತ್ತಿ, ಹೊರಬಂದಳು. ಲಿಫ್ಟು ಮೂರರಲ್ಲಿ ನಿಂತಿತು. ಐದರಲ್ಲೂ ನಿಂತಿತು. ಏಳರಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು.

ಫೋನ್ ಬಂತು. "ಒಂದ ಮಿರ್ಚಿ ಉಳದೈತಿ! ಯಾರ ತಿಂದರು?"

"ಹೊರಗಿನವರು ಯಾರೂ ಹತ್ತಿಲ್ರಿ ಸರ, ನಾ ಇಲ್ಲೇ ನಿಂತೀನಿ. ಲಿಫ್ಟ್ ನಿವಾಸಿಗಳಿಗೆ ಮಾತ್ರ ಅಂತ ನೀವ ಬರದೀರಿ. ತಿಂದವರೂ ನಿವಾಸಿಗಳ ಇರಬೇಕ್ರಿ. ಉಳದ ಒಂದ ಮಿರ್ಚಿ ಬಿಸಿ ಐತಿಲ್ರಿ?"