ಎಡಕ್ಕೆ ಎಳೆಯೋ ಸ್ಟಿಕ್ಕು

“ಮೇಷ್ಟ್ರೇ, ಹಿಂದಿನ ಸೀಟಲ್ಲಿ ಯಾರೂ ಇಲ್ಲ ಅಂತ ಗೊತ್ತಿದ್ರೂ, ಹಂಪ್ ಬಂದ ತಕ್ಷಣ ನನ್ನ ಕೈ ಯಾಕೆ ಬ್ರೇಕ್ ಹಿಡಿಯುತ್ತೆ?”

ಕೇಳಿದವನು ಲೋಹಿತ. ಕೇಳಿಸ್ಕೊಂಡವರು ಮುದ್ದಯ್ಯ ಮೇಷ್ಟ್ರು. ಮೇಷ್ಟ್ರು ಅಂದ ಕೂಡ್ಲೆ ಗಡ್ಡ, ಕಮಂಡಲ ಅಂತೆಲ್ಲ ಅಂದ್ಕೋಬೇಡಿ. ಐಟಿಐನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿ, ಈಗ ತಿಪಟೂರು ಬಸ್‌ಸ್ಟ್ಯಾಂಡ್ ಹಿಂದೆ ರಿಪೇರಿ ಅಂಗಡಿ ಇಟ್ಕೊಂಡಿರೋರು. ಮಿಕ್ಸಿ, ಟಾರ್ಚು, ವಿಡಿಯೋ ಗೇಮು, ಏನು ಕೊಟ್ರೂ ಬಿಚ್ಚುತ್ತಾರೆ. ಆಶ್ರಮ ಹತ್ತಡಿಗೆ ಎಂಟಡಿ. ಶಿಷ್ಯ ಒಬ್ಬನೇ, ಅವನ ವಯಸ್ಸು ಮೂವತ್ತು.

“ಹಂಪ್ ಬಂದ್ರೆ ಎಲ್ಲರೂ ಹಿಡೀತಾರೆ,” ಅಂದ್ರು ಮೇಷ್ಟ್ರು.

“ಎಲ್ಲರ ಥರ ಅಲ್ಲ. ನಾನು ಸ್ಕೂಟರ್ ಪೂರ್ತಿ ನಿಲ್ಲಿಸಿ, ಎರಡೂ ಕಾಲು ನೆಲಕ್ಕೆ ಕೊಟ್ಟು, ತಳ್ಕೊಂಡು ದಾಟಿಸ್ತೀನಿ. ಹಿಂದಿರೋ ಆಟೋದವರು, ಏನಪ್ಪಾ ಮೊಟ್ಟೆ ಸಾಗಿಸ್ತಿದೀಯಾ ಅಂತಾರೆ.”

ಮೇಷ್ಟ್ರಿಗೆ ವಿಷಯ ಗೊತ್ತಿತ್ತು. ಲೋಹಿತನ ಅಕ್ಕ ರತ್ನಕ್ಕ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡ್ತಿದ್ಲು. ಸೊಂಟ ನೋವು, ಬಸ್ಸು ಹತ್ತೋಕಾಗ್ತಿರಲಿಲ್ಲ. ಏಳು ವರ್ಷ ಲೋಹಿತನೇ ದಿನಾ ಸ್ಕೂಟರಲ್ಲಿ ಬಿಟ್ಟು ಬರ್ತಿದ್ದ. ದಾರೀಲಿ ಐದು ಹಂಪು. ಒಂದೊಂದು ಹಂಪಿಗೂ ಅವಳು ಅವನ ಭುಜ ಚಿವುಟಿ, ನಿಧಾನ ಕಣೋ ಅಂತಿದ್ಲು. ಅವಳು ತೀರ್ಕೊಂಡು ಒಂಬತ್ತು ತಿಂಗಳಾಗಿತ್ತು.

“ಗಾಡಿ ಮಾರ್ತಿದೀನಿ,” ಅಂದ ಲೋಹಿತ. “ಸಂಜೆ ಒಬ್ಬರು ಫೋನ್ ಮಾಡ್ತಾರೆ. ಹೂಂ ಅಂದ್ರೆ ಮುಗೀತು. ಬೇರೆ ಗಾಡಿ ಕೈಗೆ ಬಂದ್ರೆ ಕೈ ಇದನ್ನೆಲ್ಲ ಮರೆಯುತ್ತೆ. ಸರಿ ತಾನೇ?”

ಮೇಷ್ಟ್ರು ಸ್ಕ್ರೂಡ್ರೈವರ್ ಕೆಳಗಿಟ್ಟು ಕತೆ ಶುರು ಮಾಡಿದ್ರು. ಅವರಿಗೆ ಅದೊಂದು ಕಾಯಿಲೆ.

ಒಂದೂರಲ್ಲಿ ಒಬ್ಬ ಟೈಲರ್ ಇದ್ದ. ಅವನಿಗೆ ಒಬ್ಬ ಸ್ನೇಹಿತ, ಕಟಿಂಗ್ ಶಾಪಿನವನು. ಮಂಗಳವಾರ ಕಟಿಂಗ್ ಶಾಪಿಗೆ ರಜಾ. ಅವತ್ತು ಟೈಲರ್ ತನ್ನ ಅಂಗಡಿಗೂ ರಜಾ ಹಾಕ್ಕೊಳ್ತಿದ್ದ. ಇಬ್ಬರೂ ಕಟಿಂಗ್ ಶಾಪಿನ ಷಟರ್ ಅರ್ಧ ಎಳ್ಕೊಂಡು, ಗಿರಾಕಿ ಕೂರೋ ಕುರ್ಚಿಗಳಲ್ಲಿ ಕೂತು, ವಿಡಿಯೋ ಗೇಮ್ ಆಡೋರು. ಇಬ್ಬರಿಗೂ ತಲೆಗೂದಲು ಬೆಳ್ಳಗಾಗಿತ್ತು ಅನ್ನೋದು ಬೇರೆ ವಿಷಯ.

ಆಟ ಇಷ್ಟೇ. ಪರದೆ ಮೇಲೆ ಒಂದು ಸಣ್ಣ ಸೇತುವೆ. ಇಬ್ಬರಿಗೂ ಒಬ್ಬೊಬ್ಬ ಆಳು. ಯಾರ ಆಳು ನೀರಿಗೆ ಬೀಳದೆ ಮೊದಲು ದಾಟ್ತಾನೋ ಅವನು ಗೆದ್ದ. ಆಳನ್ನ ನಡೆಸೋಕೆ ಕೈಯಲ್ಲಿ ಕಂಟ್ರೋಲರ್. ಅದರ ಮೇಲೆ ಅಣಬೆ ಥರ ಒಂದು ಸ್ಟಿಕ್ಕು. ಹೆಬ್ಬೆರಳಲ್ಲಿ ಅದನ್ನ ಯಾವ ಕಡೆ ತಳ್ಳಿದ್ರೆ ಆಳು ಆ ಕಡೆ ಹೋಗ್ತಾನೆ.

ಕಂಟ್ರೋಲರ್ ಎರಡಿದ್ವು. ಒಂದು ಚೆನ್ನಾಗಿತ್ತು. ಇನ್ನೊಂದರ ಸ್ಟಿಕ್ಕು ಸವೆದು ಹೋಗಿತ್ತು. ಮುಟ್ಟದೆ ಸುಮ್ನೆ ಬಿಟ್ರೂ ಆಳು ಎಡಕ್ಕೆ ನಡ್ಕೊಂಡು ಹೋಗಿ ನೀರಿಗೆ ಬೀಳೋನು. ಚೆನ್ನಾಗಿರೋದನ್ನ ಕಟಿಂಗ್ ಶಾಪಿನವನು ಇಟ್ಕೊಂಡು, ಕೆಟ್ಟಿದ್ದನ್ನ ಟೈಲರ್‌ಗೆ ಕೊಡ್ತಿದ್ದ.

“ನಿನ್ನ ಆಳಿಗೆ ಎಡಗಡೆ ಎಲ್ಲೋ ಹೆಣ್ಣು ಗೊತ್ತು ಮಾಡಿದಾರೆ ಕಣಯ್ಯ,” ಅಂತಿದ್ದ ಅವನು.

“ಮೊದಲು ಇದನ್ನ ರಿಪೇರಿ ಮಾಡ್ಸು,” ಅಂತಿದ್ದ ಟೈಲರ್.

“ಮುಂದಿನ ವಾರ ಪಕ್ಕಾ.”

ಆ ಮುಂದಿನ ವಾರ ಆರು ವರ್ಷ ಆದ್ರೂ ಬರಲಿಲ್ಲ. ಟೈಲರ್ ಏನು ಮಾಡ್ತಾನೆ? ಅದು ಎಡಕ್ಕೆ ಎಳೆದಷ್ಟು ತಾನು ಬಲಕ್ಕೆ ತಳ್ಳೋದು ಕಲಿತ. ಒಂದು ಕೂದಲೆಳೆಯಷ್ಟು, ಯಾವಾಗ್ಲೂ. ಆಳು ನೇರ ನಡೆಯೋಕೆ ಶುರು ಮಾಡಿದ. ಎಷ್ಟೋ ಸಲ ಗೆದ್ದ ಕೂಡ. ಆಮೇಲಾಮೇಲೆ ತಾನು ಬಲಕ್ಕೆ ತಳ್ತಿದೀನಿ ಅನ್ನೋದೇ ಅವನಿಗೆ ಗೊತ್ತಾಗ್ತಿರಲಿಲ್ಲ.

ಒಂದು ಮಂಗಳವಾರ ಷಟರ್ ಅರ್ಧವೂ ಏಳಲಿಲ್ಲ. ಕಟಿಂಗ್ ಶಾಪಿನವನು ಹಿಂದಿನ ದಿನ ಹೋಗಿಬಿಟ್ಟಿದ್ದ.

ತಿಥಿ ಎಲ್ಲ ಮುಗಿದ ಮೇಲೆ ಅವನ ಹೆಂಡತಿ ಆ ಗೇಮಿನ ಡಬ್ಬಿ ತಂದು ಟೈಲರ್‌ಗೆ ಕೊಟ್ಲು. ಮನೇಲಿ ಇದನ್ನ ಆಡೋರು ಯಾರೂ ಇಲ್ಲಣ್ಣ, ನೀವೇ ಇಟ್ಕೊಳ್ಳಿ ಅಂದ್ಲು. ಟೈಲರ್ ಯೋಚನೆ ಮಾಡಿದ. ಮಾಡಿಸ್ತೀನಿ ಮಾಡಿಸ್ತೀನಿ ಅಂತಿದ್ದ ಪಾಪ, ಅವನ ಮಾತು ನಾನಾದ್ರೂ ನಡೆಸೋಣ ಅಂತ, ಕೆಟ್ಟ ಕಂಟ್ರೋಲರ್ ತಗೊಂಡು ಒಬ್ಬ ರಿಪೇರಿಯವನ ಹತ್ರ ಹೋದ.

ರಿಪೇರಿಯವನು ಬಿಚ್ಚಿದ. ಸವೆದ ಸ್ಟಿಕ್ಕಿನ ಬೆಸುಗೆ ಕರಗಿಸಿ ಕಿತ್ತ. ಅದನ್ನ ಮೇಲಿನ ಅಣಬೆ ಟೋಪಿ ಸಮೇತ, ಹಳೇ ಪಾರ್ಟು ಹಾಕೋ ಬಿಸ್ಕತ್ ಡಬ್ಬಿಗೆ ಎಸೆದ. ಹೊಸದು ಕೂರಿಸಿ ಬೆಸೆದು ಕೊಟ್ಟ.

ಮಾರನೇ ದಿನ ಟೈಲರ್ ಸಿಟ್ಟು ಮಾಡ್ಕೊಂಡು ವಾಪಸ್ ಬಂದ.

“ಏನ್ರೀ ಮಾಡಿದೀರ? ಎಡಕ್ಕೆ ಎಳೀತಿತ್ತು, ಈಗ ಬಲಕ್ಕೆ ಎಳೆಯುತ್ತೆ. ಹೆಜ್ಜೆ ಇಟ್ರೆ ಬಲಗಡೆ ನೀರಿಗೆ ಬೀಳ್ತಾನೆ.”

ರಿಪೇರಿಯವನು ಕಂಟ್ರೋಲರನ್ನ ಟಿವಿಗೆ ಹಾಕಿ ಮೇಜಿನ ಮೇಲಿಟ್ಟ. “ಮುಟ್ಟಬೇಡಿ, ಸುಮ್ನೆ ನೋಡಿ,” ಅಂದ. ಇಬ್ಬರೂ ನೋಡಿದ್ರು. ಆಳು ಸೇತುವೆ ನಡುವೆ ನಿಂತಿದ್ದ. ನಿಂತೇ ಇದ್ದ.

“ಇದು ಎಳೀತಿಲ್ಲ ಯಜಮಾನ್ರೇ, ನೀವು ತಳ್ತಿದೀರ. ಆರು ವರ್ಷ ಅದು ಎಳೀತು, ಆರು ವರ್ಷ ನೀವು ತಳ್ಳಿದ್ರಿ. ಎಳೆಯೋದು ಹೋಯ್ತು, ತಳ್ಳೋದು ಉಳೀತು.”

ಟೈಲರ್ ತನ್ನ ಹೆಬ್ಬೆರಳು ನೋಡ್ಕೊಂಡ. “ಹಾಗಾದ್ರೆ ಇದನ್ನೇ ರಿಪೇರಿ ಮಾಡಿ,” ಅಂದ.

“ಅದರ ಪಾರ್ಟು ಬರಲ್ಲ. ದಿನಾ ಸ್ವಲ್ಪ ಆಡಿ. ಒಂದು ವಾರದಲ್ಲಿ ತಾನಾಗೇ ಮರೆಯುತ್ತೆ.”

ಟೈಲರ್ ಹೋದ. ಒಂದು ವಾರ ಬರಲಿಲ್ಲ. ಎಂಟನೇ ದಿನ ಬಂದ. ಈ ಸಲ ಸಿಟ್ಟಿರಲಿಲ್ಲ. ಮುಖ ಇಷ್ಟೇ ಇಷ್ಟಾಗಿತ್ತು.

“ಇನ್ನೂ ಬಲಕ್ಕೇ ಬೀಳ್ತಾನಾ?” ಅಂತ ಕೇಳ್ದ ರಿಪೇರಿಯವನು.

“ಇಲ್ಲ. ನಿನ್ನೆ ನೇರ ಹೋದ. ಆ ಕಡೆ ದಡ ಮುಟ್ಟಿದ.”

ಮೇಷ್ಟ್ರು ಇಲ್ಲಿ ನಿಲ್ಲಿಸಿ, ಬಾಟಲಿ ಎತ್ತಿ ನೀರು ಕುಡಿದ್ರು. ಲೋಹಿತನಿಗೆ ತಡೆಯೋಕಾಗ್ಲಿಲ್ಲ.

“ಸರಿ ಹೋಯ್ತಲ್ಲ ಮೇಷ್ಟ್ರೇ. ಮತ್ಯಾಕೆ ಬಂದ?”

ರಿಪೇರಿಯವನೂ ಅದನ್ನೇ ಕೇಳ್ದ, ಅಂತ ಮೇಷ್ಟ್ರು ಮುಂದುವರಿಸಿದ್ರು. ಟೈಲರ್ ಹೇಳ್ದ, “ಅವನು ಹೋದ ಮೇಲೂ ಈ ಬೆರಳು ಒಂದು ಅವನ ಜೊತೆ ಮಂಗಳವಾರದಲ್ಲೇ ಕೂತಿತ್ತು. ನಿನ್ನೆ ಅದೂ ಎದ್ದು ಬಂತು. ಹಳೇ ಸ್ಟಿಕ್ಕು ಹಾಕ್ಕೊಡಿ.”

ರಿಪೇರಿಯವನು ನಕ್ಕ. ಕೆಟ್ಟಿದ್ದನ್ನ ಸರಿ ಮಾಡಿ ಗೊತ್ತು, ಸರಿ ಇರೋದನ್ನ ಕೆಡಿಸಿ ಅಭ್ಯಾಸ ಇಲ್ಲ ಅಂದ. ಟೈಲರ್ ನಗಲಿಲ್ಲ. ಆಮೇಲೆ ರಿಪೇರಿಯವನೂ ನಗೋದು ನಿಲ್ಲಿಸಿ, ಆ ಬಿಸ್ಕತ್ ಡಬ್ಬಿ ತಂದು ಮುಂದಿಟ್ಟ. ಅದರ ತುಂಬ ಸವೆದ ಸ್ಟಿಕ್ಕು. ಇನ್ನೂರಾದ್ರೂ ಇರಬಹುದು. ಎಲ್ಲಾ ಕಪ್ಪು, ಎಲ್ಲಾ ಒಂದೇ ಥರ.

“ಯಾವುದು ಅಂತ ಹೇಗೆ ಹುಡುಕ್ತೀರ?”

“ನನ್ನ ಬೆರಳಿಗೆ ಗೊತ್ತು,” ಅಂದ ಟೈಲರ್.

ಕಣ್ಣು ಮುಚ್ಕೊಂಡು ಕೂತ. ಒಂದು ತೆಗೆದು ಹೆಬ್ಬೆರಳಲ್ಲಿ ಒತ್ತಿ ನೋಡೋದು, ಪಕ್ಕಕ್ಕಿಡೋದು. ಇನ್ನೊಂದು ತೆಗೆಯೋದು. ಕೆಲವು ಮೇಲಕ್ಕೆ ವಾಲ್ತಿದ್ವು, ಕೆಲವು ಕೆಳಕ್ಕೆ. ಎಡಕ್ಕೆ ವಾಲೋವೂ ಬೇಕಾದಷ್ಟಿದ್ವು. ರಿಪೇರಿಯವನು ಊಟ ಮಾಡ್ಕೊಂಡು ಬಂದ. ಟೈಲರ್ ಅಲ್ಲೇ ಇದ್ದ. ಡಬ್ಬಿ ಖಾಲಿ ಆಯ್ತು. ಎಲ್ಲಾ ಮತ್ತೆ ಡಬ್ಬಿಗೆ ಸುರ್ಕೊಂಡು ಮೊದಲಿಂದ ಶುರು ಮಾಡಿದ. ಮೊದಲನೇ ಸಲ ಯಾವುದೂ ಅದಲ್ಲ ಅನ್ನಿಸಿತ್ತು. ಎರಡನೇ ಸಲ ಎಲ್ಲಾ ಅದೇ ಅನ್ನಿಸ್ತು.

“ಯಾವುದು ಹಾಕ್ಲಿ ಯಜಮಾನ್ರೇ?” ಅಂದ ರಿಪೇರಿಯವನು. ಬೆಸುಗೆ ಕಡ್ಡಿ ಕಾದಿತ್ತು.

ಟೈಲರ್ ಕಣ್ಣು ಬಿಟ್ಟು ಹೆಬ್ಬೆರಳನ್ನೇ ನೋಡ್ತಾ ಕೂತ.

ಮೇಷ್ಟ್ರು ಕತೆ ಅಲ್ಲಿಗೇ ಬಿಟ್ಟು ಸ್ಕ್ರೂಡ್ರೈವರ್ ಎತ್ಕೊಂಡ್ರು.

“ಕೊನೆಗೆ ಸಿಕ್ತಾ?” ಅಂದ ಲೋಹಿತ. ಮೇಷ್ಟ್ರು ಮಿಕ್ಸಿಯ ತಳ ಬಿಚ್ಚೋಕೆ ಶುರು ಮಾಡಿದ್ರು. “ಸಿಕ್ತಾ ಮೇಷ್ಟ್ರೇ?”

ಲೋಹಿತನ ಜೇಬಲ್ಲಿ ಫೋನು ಹೊಡ್ಕೊಳ್ತು. ತೆಗೆದು ನೋಡ್ದ. ಗಾಡಿ ಕೇಳಿದ್ದವರು. ಫೋನ್ ಕೈಯಲ್ಲಿ ಹಿಡ್ಕೊಂಡು ಮೇಷ್ಟ್ರ ಮುಖ ನೋಡ್ದ. ಮೇಷ್ಟ್ರು ತಲೆ ಎತ್ತಲಿಲ್ಲ.

“ಮನೆಗೆ ಹೋಗ್ತಾ ಹಂಪ್ ಹತ್ರ ನಿಧಾನ ಕಣೋ, ಹಿಂದೆ ಅಕ್ಕ ಕೂತಿದ್ದಾಳೆ,” ಅಂದ್ರು ಮೇಷ್ಟ್ರು.

ಫೋನು ಹೊಡ್ಕೊಂಡು ಹೊಡ್ಕೊಂಡು ಸುಮ್ಮನಾಯ್ತು. ಲೋಹಿತ ಅದನ್ನ ಜೇಬಿಗೆ ಹಾಕ್ಕೊಂಡು ಸ್ಕೂಟರ್ ಕೀ ತೆಗೆದ.